ಓದುಗರ ಪ್ರಶ್ನೆ: ನಾಲ್ಕು ಪ್ರತಿಕ್ರಿಯೆ, ಮೂರೇ ಸಮೀಕರಣ

ಪ್ರಶ್ನೆ: ಎರಡೂ ತುದಿಗಳಲ್ಲಿ ಹಿಂಜ್ ಆಧಾರವಿರುವ (ತಿರುಗಬಲ್ಲದು, ಆದರೆ ಯಾವ ಕಡೆಗೂ ಸರಿಯದು) ಟ್ರಸ್‌ನಲ್ಲಿ, ಅಂದರೆ ಸರಳುಗಳನ್ನು ತುದಿಗಳಲ್ಲಿ ಜೋಡಿಸಿದ ಚೌಕಟ್ಟಿನಲ್ಲಿ, ನಾಲ್ಕು ಪ್ರತಿಕ್ರಿಯೆಗಳಿರುತ್ತವೆ (ಆಧಾರಗಳು ಕೊಡುವ ಬಲಗಳು), ಆದರೆ ಸಮತೋಲನದ ಸಮೀಕರಣಗಳು ಮೂರೇ. ನಾಲ್ಕನೆಯದಕ್ಕೆಂದು ಬೇರೊಂದು ಬಿಂದುವಿನ ಸುತ್ತ ಮೊಮೆಂಟ್ (ಬಲದ ತಿರುಗಿಸುವ ಪರಿಣಾಮ) ತೆಗೆದುಕೊಂಡರೆ ಕೊನೆಗೆ ಸೊನ್ನೆ ಸೊನ್ನೆಗೆ ಸಮ ಎಂದಷ್ಟೇ ಬರುತ್ತದೆ. ಇಂಥ ಟ್ರಸ್‌ನ ಪ್ರತಿಕ್ರಿಯೆಗಳನ್ನು ಕಂಡುಹಿಡಿಯುವುದು ಹೇಗೆ?

ಉತ್ತರ: ಒಂದೇ ಸಮತಲದಲ್ಲಿರುವ ರಚನೆಗೆ ಪರಸ್ಪರ ಸ್ವತಂತ್ರವಾದ ಸಮತೋಲನ ಸಮೀಕರಣಗಳು ಮೂರಕ್ಕಿಂತ ಹೆಚ್ಚು ಇರುವುದಿಲ್ಲ. ಹೊಸ ಬಿಂದುವಿನ ಸುತ್ತ ಬರೆದ ಮೊಮೆಂಟ್ ಸಮೀಕರಣವು ಹಿಂದಿನ ಮೂರನ್ನೇ ಬೇರೆ ರೂಪದಲ್ಲಿ ಹೇಳುತ್ತದೆ; ಆದ್ದರಿಂದಲೇ ನಿಮಗೆ ಸೊನ್ನೆ ಸಿಕ್ಕಿತು. ನಾಲ್ಕನೆಯ ಸಮೀಕರಣವನ್ನು ಬಲಗಳಲ್ಲಿ ಹುಡುಕದೆ ಟ್ರಸ್ ಎಷ್ಟು ಹಿಗ್ಗುತ್ತದೆ, ಎಷ್ಟು ಕುಗ್ಗುತ್ತದೆ ಎಂಬುದರಲ್ಲಿ ಹುಡುಕಬೇಕು. ಈ ದಾರಿಯನ್ನು 1864ರಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ತೋರಿಸಿದರು. 1874ರಲ್ಲಿ ಜರ್ಮನ್ ಇಂಜಿನಿಯರ್ ಒಟ್ಟೊ ಮೋರ್ ಅದನ್ನು ಸ್ವತಂತ್ರವಾಗಿ ಕಂಡುಕೊಂಡು ಇಂಜಿನಿಯರುಗಳ ಬಳಕೆಗೆ ಒಗ್ಗಿಸಿದರು.

ಅತ್ಯಂತ ಸರಳವಾದ ಉದಾಹರಣೆಯೊಂದನ್ನು ನೋಡೋಣ. ಎ ಮತ್ತು ಬಿ ಒಂದೇ ಮಟ್ಟದಲ್ಲಿ 6 ಮೀಟರ್ ಅಂತರದಲ್ಲಿರುವ ಹಿಂಜ್ ಆಧಾರಗಳು. ಅವುಗಳ ನಟ್ಟನಡುವೆ 4 ಮೀಟರ್ ಎತ್ತರದಲ್ಲಿ ಸಿ ಎಂಬ ಜಾಯಿಂಟ್ (ಸರಳುಗಳು ಕೂಡುವ ಬಿಂದು). ಎಸಿ, ಬಿಸಿ, ಎಬಿ ಎಂಬ ಮೂರು ಸರಳುಗಳು. ಸಿಯಲ್ಲಿ ಕೆಳಮುಖವಾಗಿ 40 ಕಿಲೋನ್ಯೂಟನ್ ಭಾರ. ಸರಳುಗಳ ಸಂಖ್ಯೆ 3, ಪ್ರತಿಕ್ರಿಯೆಗಳು 4, ಒಟ್ಟು 7 ಅಜ್ಞಾತಗಳು. ಮೂರು ಜಾಯಿಂಟ್‌ಗಳಿಂದ ಸಿಗುವ ಸಮೀಕರಣಗಳು 6. ಅಂದರೆ ಒಂದು ಅಜ್ಞಾತ ಹೆಚ್ಚುವರಿ. ಲಂಬ ಪ್ರತಿಕ್ರಿಯೆಗಳು ಮೊಮೆಂಟ್ ಸಮೀಕರಣದಿಂದಲೇ ತಲಾ 20 ಕಿಲೋನ್ಯೂಟನ್ ಎಂದು ಸಿಗುತ್ತವೆ. ಉಳಿಯುವುದು ಬಿಯಲ್ಲಿ ಒಳಮುಖವಾಗಿ ತಳ್ಳುವ ಅಡ್ಡ ಪ್ರತಿಕ್ರಿಯೆ. ಅದನ್ನೇ ಹೆಚ್ಚುವರಿ ಅಜ್ಞಾತವೆಂದು ಆರಿಸಿಕೊಳ್ಳೋಣ.

ಮೊದಲು ಬಿಯಲ್ಲಿ ಹಿಂಜ್ ತೆಗೆದು ರೋಲರ್ (ಅಡ್ಡಕ್ಕೆ ಸರಿಯಬಲ್ಲ ಆಧಾರ) ಇಟ್ಟಿದ್ದೇವೆಂದು ಭಾವಿಸಿ. ಆಗ ಎಸಿ ಮತ್ತು ಬಿಸಿಗಳಲ್ಲಿ ತಲಾ 25 ಕಿಲೋನ್ಯೂಟನ್ ಒತ್ತುಬಲವೂ ಎಬಿಯಲ್ಲಿ 15 ಕಿಲೋನ್ಯೂಟನ್ ಎಳೆತವೂ ಬರುತ್ತವೆ. ಬಳಿಕ ಭಾರವನ್ನು ತೆಗೆದು, ಬಿಯಲ್ಲಿ ಒಳಮುಖವಾಗಿ ಒಂದು ಕಿಲೋನ್ಯೂಟನ್ ಬಲವನ್ನು ಮಾತ್ರ ಹಾಕಿದರೆ ಎಬಿಯಲ್ಲಿ ಒಂದು ಕಿಲೋನ್ಯೂಟನ್ ಒತ್ತುಬಲ ಬರುತ್ತದೆ, ಉಳಿದ ಎರಡರಲ್ಲಿ ಏನೂ ಇರುವುದಿಲ್ಲ. ಪ್ರತಿ ಸರಳಿಗೂ ಈ ಎರಡು ಬಲಗಳನ್ನೂ ಉದ್ದವನ್ನೂ ಗುಣಿಸಿ, ಅಡ್ಡಕೊಯ್ತದ ವಿಸ್ತೀರ್ಣ ಮತ್ತು ಸ್ಥಿತಿಸ್ಥಾಪಕ ಗುಣಾಂಕಗಳ ಗುಣಲಬ್ಧದಿಂದ ಭಾಗಿಸಿ ಕೂಡಿದರೆ ಭಾರದಿಂದ ಬಿ ಎಷ್ಟು ಹೊರಕ್ಕೆ ಸರಿಯುತ್ತದೆಂಬುದು ಸಿಗುತ್ತದೆ. ಆ ಭಾಜಕವನ್ನು ಸರಳಿನ ಗಡಸು ಎನ್ನೋಣ. ಇಲ್ಲಿ ಸರಿತ 90 ಭಾಗಿಸು ಗಡಸು. ಒಂದು ಕಿಲೋನ್ಯೂಟನ್ ಅದನ್ನು ಹಿಂದಕ್ಕೆ ತರುವ ದೂರ 6 ಭಾಗಿಸು ಗಡಸು. ನಿಜವಾದ ಹಿಂಜ್‌ನಲ್ಲಿ ಬಿ ಸರಿಯುವಂತಿಲ್ಲವಾದ್ದರಿಂದ ಅಡ್ಡ ಪ್ರತಿಕ್ರಿಯೆ 90 ಭಾಗಿಸು 6, ಅಂದರೆ 15 ಕಿಲೋನ್ಯೂಟನ್. ಆಗ ಎಬಿಯಲ್ಲಿನ ಬಲ ಸೊನ್ನೆಯಾಗುತ್ತದೆ. ಎರಡೂ ತುದಿ ಅಲುಗದಿದ್ದರೆ ಆ ಸರಳು ಹಿಗ್ಗಲಾರದು, ಆದ್ದರಿಂದ ಉತ್ತರ ಸರಿಯೆಂದು ಅಲ್ಲಿಯೇ ಖಚಿತವಾಗುತ್ತದೆ.

ಇಷ್ಟು ಲೆಕ್ಕವನ್ನು ಹೆಚ್ಚಿನ ವಿದ್ಯಾರ್ಥಿಗಳು ಮಾಡುತ್ತಾರೆ. ನಾನು ಒತ್ತಿ ಹೇಳಬಯಸುವುದು ಮುಂದಿನದನ್ನು. ಮೇಲಿನ ಭಾಗಾಕಾರದಲ್ಲಿ ಗಡಸು ಹೊಡೆದುಹೋಯಿತು, ಆದರೆ ತಾಪಮಾನ ಬದಲಾದಾಗ ಅದು ಹಾಗೆ ಹೋಗುವುದಿಲ್ಲ. ಸರಳುಗಳು ಉಕ್ಕಿನವು, ವಿಸ್ತೀರ್ಣ 1000 ಚದರ ಮಿಲಿಮೀಟರ್, ತಾಪಮಾನದ ಏರಿಕೆ 30 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಎಬಿ ಸುಮಾರು 2.16 ಮಿಲಿಮೀಟರ್ ಹಿಗ್ಗಲು ಹವಣಿಸುತ್ತದೆ. ಅದನ್ನು ತಡೆಹಿಡಿಯಲು ಆಧಾರವು 72 ಕಿಲೋನ್ಯೂಟನ್ ಬಲವನ್ನು ಕೊಡಬೇಕಾಗುತ್ತದೆ. ಭಾರದಿಂದ ಬಂದದ್ದು 15, ತಾಪಮಾನದಿಂದ ಬಂದದ್ದು 72! ಭಾರವನ್ನಷ್ಟೇ ಲೆಕ್ಕಹಾಕಿ ಆಧಾರವನ್ನು ವಿನ್ಯಾಸಗೊಳಿಸಿದವರು ಇಲ್ಲಿ ದೊಡ್ಡ ಬಲವನ್ನೇ ಬಿಟ್ಟಂತಾಗುತ್ತದೆ.

ಆಧಾರ ಸ್ವಲ್ಪವೂ ಅಲುಗುವುದಿಲ್ಲ ಎಂಬ ಊಹೆಯನ್ನೂ ಪರೀಕ್ಷಿಸಬೇಕು. ಬಿಯಲ್ಲಿರುವ ಕಂಬವು ಒಂದು ಮೀಟರ್ ಸರಿಯಲು 10,000 ಕಿಲೋನ್ಯೂಟನ್ ಬೇಕಾಗುವಷ್ಟು ಬಿಗಿಯಾಗಿದೆಯೆಂದರೆ, ಒಂದು ಕಿಲೋನ್ಯೂಟನ್ ಬಿಯನ್ನು ಹಿಂದಕ್ಕೆ ತರುವ ದೂರಕ್ಕೆ ಆ ಕಂಬದ ಬಾಗುವಿಕೆಯನ್ನೂ ಸೇರಿಸಿದಾಗ ಭಾರದ ಪ್ರತಿಕ್ರಿಯೆ 15ರಿಂದ ಸುಮಾರು 3.5ಕ್ಕೂ, ತಾಪಮಾನದ್ದು 72ರಿಂದ ಸುಮಾರು 16.6ಕ್ಕೂ ಇಳಿಯುತ್ತದೆ. ಅದೇ ಟ್ರಸ್, ಅದೇ ಭಾರ. ಆದರೂ ಪ್ರತಿಕ್ರಿಯೆ ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆ. ಇನ್ನೊಂದೆಡೆ, ಎಬಿಯಲ್ಲಿ ಸೊನ್ನೆಯಿದ್ದ ಎಳೆತವು ಭಾರದಿಂದ ಸುಮಾರು 11.5 ಕಿಲೋನ್ಯೂಟನ್‌ಗೆ ಏರುತ್ತದೆ. ಆದ್ದರಿಂದ ಆಧಾರದ ನಿಜವಾದ ಬಿಗಿತವನ್ನು ತಿಳಿಯದೆ ಎಬಿ ಬೇಡವೆಂದು ತೆಗೆದುಹಾಕಬೇಡಿ.

ಪ್ರಶ್ನೆ: ಒಂದೇ ಚೌಕದಲ್ಲಿ ಎರಡು ಕರ್ಣ ಸರಳುಗಳಿದ್ದು, ಒಂದು ತುದಿ ಹಿಂಜ್, ಇನ್ನೊಂದು ರೋಲರ್ ಆಗಿದ್ದರೆ ಇದೇ ಕ್ರಮ ಬೇಕೇ?

ಉತ್ತರ: ಪ್ರತಿಕ್ರಿಯೆಗಳಿಗೆ ಬೇಡ. ಅಲ್ಲಿ ಸರಳು 6, ಪ್ರತಿಕ್ರಿಯೆ 3, ಸಮೀಕರಣ 8. ಹೆಚ್ಚುವರಿಯಾದ ಒಂದು ಅಜ್ಞಾತ ಟ್ರಸ್‌ನ ಒಳಗಿನದು. ಮೂರು ಪ್ರತಿಕ್ರಿಯೆಗಳೂ ಮೂರು ಸಮತೋಲನ ಸಮೀಕರಣಗಳಿಂದಲೇ ಸಿಗುತ್ತವೆ. ಸರಳುಗಳ ಬಲಕ್ಕೆ ಮಾತ್ರ ಒಂದು ಕರ್ಣವನ್ನು ಕತ್ತರಿಸಿದಂತೆ ಭಾವಿಸಿ ಮೇಲಿನ ಲೆಕ್ಕ ಮಾಡಬೇಕು. ಕರ್ಣವೊಂದು ಕೆಲವೇ ಮಿಲಿಮೀಟರ್ ಗಿಡ್ಡವಾಗಿದ್ದು ಅದನ್ನು ಎಳೆದು ಜೋಡಿಸಿದ್ದರೆ, ಭಾರವೇ ಇಲ್ಲದಿದ್ದರೂ ಆರೂ ಸರಳುಗಳಲ್ಲಿ ಬಲ ಹುಟ್ಟುತ್ತದೆ, ಆದರೆ ಆಧಾರಗಳಲ್ಲಿ ಅದರಿಂದಾಗುವ ಪ್ರತಿಕ್ರಿಯೆ ಸೊನ್ನೆ.