ಶೆಡ್‌ಗಳಲ್ಲಿರುವ ಕಟ್ಟಡ ಕಾರ್ಮಿಕರಿಗೆ ಹೆಲ್ತ್ ಕ್ಯಾಂಪ್ ಮಾಡಿಸಿದರೆ ಉಪಯೋಗ ಆಗುತ್ತದಾ?

ನಿಮ್ಮ ಅಪಾರ್ಟ್‌ಮೆಂಟ್ ಪಕ್ಕದ ಶೆಡ್‌ಗಳಲ್ಲಿ ರಾಯಚೂರು, ಯಾದಗಿರಿ ಕಡೆಯವರಿದ್ದಾರೆ, ನಾಲ್ಕೈದು ಜನ ಸೇರಿ ಭಾನುವಾರ ಕ್ಯಾಂಪ್ ಮಾಡಿಸೋಣ ಅಂತಿದ್ದೇವೆ ಅಂದಿರಿ. ಬೇಡ ಅನ್ನುವುದಿಲ್ಲ. ಆದರೆ ಬೆಂಗಳೂರಿನ ಇಂಥ ಶೆಡ್‌ಗಳಿಗೆ ಹೋಗಿ ಬರುವವನಾಗಿ ಹೇಳುತ್ತೇನೆ, ಬರೀ ಕ್ಯಾಂಪ್‌ನಿಂದ ಆಗುವ ಉಪಯೋಗ ಕಡಿಮೆ. ಬಿಪಿ, ಶುಗರ್ ನೋಡುತ್ತಾರೆ, ಒಂದಿಷ್ಟು ಮಾತ್ರೆ ಕೊಡುತ್ತಾರೆ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಮಾತ್ರೆ ಮುಗಿದ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಿರುವುದಿಲ್ಲ.

ಹಾಗಂತ ಸರ್ಕಾರದ ವ್ಯವಸ್ಥೆ ಇಲ್ಲ ಅಂತೇನಿಲ್ಲ. 2022ರ ಡಿಸೆಂಬರ್‌ನಲ್ಲಿ ಶುರುವಾದ, ‘ನಮ್ಮ ಕ್ಲಿನಿಕ್’ ಅನ್ನುವ ಹೆಸರಿನ ಸರ್ಕಾರಿ ಕ್ಲಿನಿಕ್‌ಗಳಲ್ಲಿ ಡಾಕ್ಟರ್, ಮಾತ್ರೆ, ಸಾಮಾನ್ಯ ರಕ್ತಪರೀಕ್ಷೆ ಎಲ್ಲ ಉಚಿತ. ತೊಂದರೆ ಇರುವುದು ಹೊತ್ತಿನದು. ಬಹಳಷ್ಟು ಕ್ಲಿನಿಕ್‌ಗಳು ಹಗಲಲ್ಲೇ ತೆರೆದಿರುತ್ತವೆ, ಅದೇ ಹೊತ್ತಿಗೆ ಇವರು ಸೈಟಿನಲ್ಲಿರುತ್ತಾರೆ. ಕ್ಯೂನಲ್ಲಿ ನಿಂತರೆ ಅವತ್ತಿನ ಕೂಲಿ ಹೋಯಿತು. ಅದಕ್ಕೇ ಸಂಜೆ ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ತಗೊಂಡು ಮಲಗುತ್ತಾರೆ. ಇದನ್ನು ಅರಿವಿನ ಕೊರತೆ ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರ ಲೆಕ್ಕ ಸರಿಯಾಗಿಯೇ ಇದೆ.

ನಾನಾದರೆ ಮೊದಲು ಆ ಏರಿಯಾದ ಆಶಾ ಕಾರ್ಯಕರ್ತೆ ಯಾರು ಅಂತ ಹುಡುಕುತ್ತೇನೆ. ನಗರದಲ್ಲಿ ಸಾವಿರದಿಂದ ಎರಡೂವರೆ ಸಾವಿರ ಜನಕ್ಕೆ ಒಬ್ಬರು ಆಶಾ ಇರಬೇಕು. ಆದರೆ ಶೆಡ್‌ಗಳು ಇವತ್ತು ಇರುತ್ತವೆ, ಕಟ್ಟಡ ಮುಗಿದರೆ ಇರುವುದಿಲ್ಲ. ಎಷ್ಟೋ ಸಲ ಯಾರ ಪಟ್ಟಿಯಲ್ಲೂ ಸೇರಿರುವುದಿಲ್ಲ. ನೀವೇ ಒಂದು ಸಂಜೆ ಹೋಗಿ ಬರೆದುಕೊಳ್ಳಿ: ಬಸುರಿಯರು, ಎರಡು ವರ್ಷದೊಳಗಿನ ಮಕ್ಕಳು, ಎರಡು ವಾರ ದಾಟಿದ ಕೆಮ್ಮಿನವರು (ಟಿಬಿ ಇರಬಹುದು). ಅದನ್ನು ನಗರ ಆರೋಗ್ಯ ಕೇಂದ್ರದ ಡಾಕ್ಟರಿಗೆ ಕೊಟ್ಟು, ಲಸಿಕೆ ಹಾಕಲು ಶೆಡ್ ಹತ್ತಿರವೇ ಬರುತ್ತೀರಾ ಅಂತ ಕೇಳಿ. ಮೇಸ್ತ್ರಿಯನ್ನು ಮೊದಲೇ ಒಪ್ಪಿಸಿ. ಅವನು ಮುಖ ಗಂಟು ಹಾಕಿಕೊಂಡರೆ ಒಬ್ಬರೂ ಹೊರಗೆ ಬರುವುದಿಲ್ಲ.

ಬಸುರಿಯರ ತಾಯಿ ಕಾರ್ಡ್ ಊರಿನಲ್ಲೇ ಉಳಿದಿರಬಹುದು. ಊರಿಗೆ ಫೋನ್ ಮಾಡಿಸಿ ವಾಟ್ಸಾಪ್‌ನಲ್ಲಿ ಫೋಟೋ ತರಿಸಿ. ಹಾಕಿದ ಚುಚ್ಚುಮದ್ದು, ಮಾಡಿದ ಪರೀಕ್ಷೆ ಎಲ್ಲ ಅದರಲ್ಲಿರುತ್ತದೆ.

ಟಿಬಿ ವಿಷಯ ಇನ್ನೂ ಸೂಕ್ಷ್ಮ. ಸಾಮಾನ್ಯ ಟಿಬಿಗೆ ಆರು ತಿಂಗಳು ಮಾತ್ರೆ ನುಂಗಬೇಕು. ಅಷ್ಟರಲ್ಲಿ ಬಿತ್ತನೆಗೋ ಜಾತ್ರೆಗೋ ಊರಿಗೆ ಹೋಗುತ್ತಾರೆ, ಮಾತ್ರೆ ಅಲ್ಲಿಗೇ ನಿಲ್ಲುತ್ತದೆ. ಹೊರಡುವ ಮುಂಚೆ ಇಲ್ಲಿಯ ಆರೋಗ್ಯ ಕೇಂದ್ರದಲ್ಲಿ ಹೇಳಿದರೆ, ನಿಕ್ಷಯ್ ನಂಬರ್ (ಸರ್ಕಾರದ ಟಿಬಿ ದಾಖಲೆಯಲ್ಲಿ ರೋಗಿಗೆ ಕೊಡುವ ನಂಬರ್) ಮೇಲೆ ಊರಿನ ಆರೋಗ್ಯ ಕೇಂದ್ರಕ್ಕೆ ವರ್ಗ ಮಾಡುತ್ತಾರೆ, ಮಾತ್ರೆ ಅಲ್ಲೇ ಸಿಗುತ್ತದೆ. ಟಿಬಿ ಇರುವವರಿಗೆ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ಹಣವೂ 2024ರ ನವೆಂಬರ್‌ನಿಂದ ತಿಂಗಳಿಗೆ 500ರಿಂದ 1000 ರೂಪಾಯಿಗೆ ಏರಿದೆ. ಅದು ನೇರ ಬ್ಯಾಂಕ್ ಖಾತೆಗೆ ಬರುವುದರಿಂದ ಖಾತೆ ಚಾಲ್ತಿಯಲ್ಲಿದೆಯಾ ನೋಡಿ.

ದೊಡ್ಡ ಕಾಯಿಲೆ ಬಂದರೆ, ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತು ಇಲ್ಲದಿದ್ದರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಬರೆಸಿಕೊಳ್ಳಬೇಕು. ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿ ಆಮೇಲೆ ಕಾರ್ಡ್ ತೋರಿಸಿದರೆ ಜಗಳವೇ ಗತಿ.

ಇಷ್ಟಾದ ಮೇಲೂ ಕ್ಯಾಂಪ್ ಮಾಡುವುದಾದರೆ ಸಂಜೆ ಏಳರ ಮೇಲೆ ಮಾಡಿ, ಆಶಾ ಅವರನ್ನು ಕೂರಿಸಿಕೊಳ್ಳಿ. ಬ್ಯಾನರ್‌ಗೆ, ಶಾಮಿಯಾನಕ್ಕೆ ಇಟ್ಟ ದುಡ್ಡನ್ನು ಆಮೇಲೆ ಆಸ್ಪತ್ರೆಗೆ ಹೋಗಬೇಕಾದವರ ಆಟೋ ಬಾಡಿಗೆಗೆ, ಅವತ್ತಿನ ಕೂಲಿಗೆ ಕೊಡಿ. ನಿಮ್ಮಲ್ಲಿ ಒಬ್ಬರು ಜೊತೆಗೂ ಹೋಗಿ.