‘ತುಘಲಕ್’ ನಾಟಕ ಓದುವಾಗ ಗೊತ್ತಿಲ್ಲದ ಪದಗಳನ್ನು ನೆನಪಿಟ್ಟುಕೊಳ್ಳೋದು ಹೇಗೆ?

ಪದಪಟ್ಟಿ ಮಾಡಿ ಸುಮ್ನೆ ಉರು ಹೊಡೆಯಬೇಡಿ, ಪರೀಕ್ಷೆ ಮುಗಿದ ಮೇಲೆ ಒಂದೂ ಉಳಿಯಲ್ಲ. ಮೊದಲು ಒಂದು ದೃಶ್ಯವನ್ನು ನಿಲ್ಲಿಸದೆ ಗಟ್ಟಿಯಾಗಿ ಓದಿ, ಗೊತ್ತಿಲ್ಲದ ಪದಕ್ಕೆ ಗೆರೆ ಎಳೆದು ಮುಂದೆ ಹೋಗಿ.

ಕಾರ್ನಾಡರ ಈ ನಾಟಕದಲ್ಲಿ (1964) ಖಾಜಿ, ಅಮೀರ ಥರದ ಪದಗಳು ಬರುತ್ತವೆ. ಮೊದಲ ದೃಶ್ಯದಲ್ಲೇ ಬ್ರಾಹ್ಮಣನ ವೇಷ ಹಾಕಿಕೊಂಡ ಅಜೀಜ್ ಸುಲ್ತಾನನ ಮೇಲೆಯೇ ದೂರು ಕೊಟ್ಟು ಗೆಲ್ಲುತ್ತಾನೆ, ಅಲ್ವಾ? ತೀರ್ಪು ಕೊಟ್ಟವನು ಖಾಜಿ. ಅಲ್ಲಿಗೆ ಖಾಜಿ ಅಂದರೆ ನ್ಯಾಯಾಧೀಶ ಅಂತ ತಾನಾಗಿಯೇ ಹೊಳೆಯುತ್ತೆ, ಆಮೇಲೆ ನಿಘಂಟು ನೋಡಿ ಖಚಿತ ಮಾಡಿಕೊಂಡರೆ ಸಾಕು.

ನೋಟ್‌ಬುಕ್ಕಿನಲ್ಲಿ ಬರೆಯುವಾಗ ಪದವೊಂದನ್ನೇ ಬರೆಯಬೇಡಿ. ಆ ಮಾತು ಯಾರು ಯಾರಿಗೆ ಹೇಳಿದ್ದು, ಯಾವ ಸಿಟ್ಟಿನಲ್ಲಿ ಅಥವಾ ಭಯದಲ್ಲಿ ಅನ್ನೋದರ ಜೊತೆಗೆ ಇಡೀ ಸಾಲನ್ನೇ ಬರೆದುಕೊಳ್ಳಿ. ಗೆಳೆಯರು ಸಿಕ್ಕರಂತೂ ಪಾತ್ರ ಹಂಚಿಕೊಂಡು ಓದಿ.