ಬ್ರಾಮ್ಸ್‌ನ ನಾಲ್ಕನೇ ಸಿಂಫನಿಯನ್ನು ಕೇಳುವ ಬಗೆ

ಪ್ರಶ್ನೆ: ಹಿಂದೂಸ್ತಾನಿ ಬೈಠಕ್‌ಗಳನ್ನು ಕೇಳುತ್ತ ಬೆಳೆದವನು ನಾನು. ಕಾರ್ಲೋಸ್ ಕ್ಲೈಬರ್ ನಿರ್ದೇಶನದಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದ 1980ರಲ್ಲಿ ನುಡಿಸಿದ, ಜರ್ಮನ್ ಸಂಗೀತ ರಚನಕಾರ ಬ್ರಾಮ್ಸ್‌ನ ನಾಲ್ಕನೇ ಸಿಂಫನಿಯನ್ನು (ವಾದ್ಯವೃಂದಕ್ಕಾಗಿ ರಚಿಸಿದ ನಾಲ್ಕು ಭಾಗಗಳ ಕೃತಿ) ಈಚೆಗೆ ಕೇಳಿದೆ. ಆರಂಭ ಮನಸ್ಸಿಗೆ ಹಿಡಿಸಿತು, ಆದರೆ ಕೊನೆಯ ಭಾಗದಲ್ಲಿ ದಾರಿ ತಪ್ಪುತ್ತದೆ. ಹೇಗೆ ಕೇಳಬೇಕು?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಬೈಠಕ್‌ಗಳ ಅಭ್ಯಾಸವೇ ಇಲ್ಲಿ ನೆರವಿಗೆ ಬರುತ್ತದೆ. ತಬಲಾ ಸೋಲೋದಲ್ಲಿ ಹಾರ್ಮೋನಿಯಂ ಒಂದೇ ಲೆಹರಾವನ್ನು ಮತ್ತೆ ಮತ್ತೆ ನುಡಿಸುತ್ತದೆಯಲ್ಲವೇ? ಸಿಂಫನಿಯ ಈ ಕೊನೆಯ ಭಾಗದಲ್ಲೂ ಎಂಟು ಸ್ವರಗಳ ಒಂದು ಸಾಲಿದ್ದು, ಬ್ರಾಮ್ಸ್‌ಗಿಂತ ಹಿಂದಿನ ರಚನಕಾರ ಬಾಖ್‌ನ 150ನೇ ಕಂಟಾಟಾದಿಂದ (ವಾದ್ಯಗಳೊಡನೆ ಹಾಡುವ ಕೃತಿ) ಸ್ಫೂರ್ತಿ ಪಡೆದ ಅದರ ಮೇಲೆ 30 ಮಾರ್ಪಾಡುಗಳು ನಿಂತಿವೆ. ಲೆಹರಾಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಈ ಸಾಲು ಕೆಲವೊಮ್ಮೆ ಮೇಲೆ, ಕೆಲವೊಮ್ಮೆ ತಳದ ವಾದ್ಯಗಳಲ್ಲಿ, ಇನ್ನು ಕೆಲವೊಮ್ಮೆ ಸ್ವರಮೇಳದ ಒಳಗೇ ಅಡಗಿರುತ್ತದೆ. ಮೊದಲ ಸಲ ಅದನ್ನಷ್ಟೇ ಬೆರಳಲ್ಲಿ ಎಣಿಸುತ್ತ ಕೇಳಿ.

ಮೊದಲ ಮೂರು ಭಾಗಗಳಲ್ಲಿ ಮೌನವಾಗಿದ್ದ ಟ್ರೊಂಬೋನ್‌ಗಳು (ಹಿತ್ತಾಳೆಯ ಊದುವಾದ್ಯಗಳು) ಇಲ್ಲಿಯೇ ಮೊದಲು ದನಿಗೂಡಿಸುತ್ತವೆ. 12ನೇ ಮಾರ್ಪಾಡಿನಲ್ಲಿ ಲಯ ಹಿಗ್ಗಿ, ವಾದ್ಯವೃಂದ ಉಸಿರು ಬಿಗಿಹಿಡಿದಂತೆ ತಗ್ಗಿದಾಗ, ಕೊಳಲೊಂದು ತಡವರಿಸುತ್ತ ಮೇಲೇರಿ ಒಂಟಿಯಾಗಿ ಇಳಿಯುತ್ತದೆ. ಇಡೀ ಕೃತಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣ ಇದು. ಅನೇಕರು ಇಲ್ಲಿ ಭಾವಕ್ಕೆ ಮಣಿದು ಲಯವನ್ನು ಸಡಿಲಬಿಡುತ್ತಾರೆ. ಕ್ಲೈಬರ್ ಆ ನೋವನ್ನು ಎಳೆದಾಡದೆ, ಒಳಗಿನ ನಡೆಯನ್ನು ಕಾಪಾಡಿಕೊಂಡೇ ಮುಂದೆ ಸಾಗುತ್ತಾರೆ. ಆರಂಭದ ವಯೊಲಿನ್‌ಗಳು ಎರಡೆರಡು ಸ್ವರಗಳಾಗಿ ಇಳಿದು ಏರುವಲ್ಲಿಯೂ ಅದೇ ಸಂಯಮವಿದೆ. ಮಳೆ ನಿಂತ ರಾತ್ರಿ, ಹೆಡ್‌ಫೋನ್ ಹಾಕಿಕೊಂಡು ಆ ಕೊಳಲಿಗಾಗಿ ಕಾಯಿರಿ.